ಕಿಡ್ನಿ ಕಲ್ಲಿಗೆ ಸ್ಕ್ಯಾನ್ ಮಾಡಿಸಿದರೆ ಅಡ್ರಿನಲ್ ಗಡ್ಡೆ ಸಿಕ್ಕಿತು: ಶುಗರ್‌ಗೂ ಇದಕ್ಕೂ ನಂಟಿದೆಯಾ?

ಪ್ರಶ್ನೆ: ಡಾಕ್ಟ್ರೇ, ನಾವು ಸಕಲೇಶಪುರದ ಕಡೆಯವರು. ನಮ್ಮ ಯಜಮಾನರಿಗೆ 56 ವರ್ಷ, ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದಾರೆ. 8 ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ವಿಲ್ಡಾಗ್ಲಿಪ್ಟಿನ್ ಮೂರೂ ನುಂಗುತ್ತಾರೆ. ಆದರೂ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 9.1 ಬಂದಿದೆ. ಬಿಪಿಗೆ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಇವೆ. ಮಂಡಿ ನೋವಿಗೆ ಆಗಾಗ ಇಂಜೆಕ್ಷನ್ ಹಾಕಿಸುತ್ತಾರೆ. ಕಳೆದ ತಿಂಗಳು ಪಕ್ಕೆ ನೋವು ಜೋರಾಗಿ ಹಾಸನದಲ್ಲಿ ಸಿಟಿ ಸ್ಕ್ಯಾನ್ ಆಯಿತು. ಕಿಡ್ನಿಯಲ್ಲಿ ಸಣ್ಣ ಕಲ್ಲಿತ್ತು. ಅದರ ಜೊತೆಗೆ 'ಎಡಗಡೆ ಅಡ್ರಿನಲ್‌ನಲ್ಲಿ 2.3 ಸೆಂಟಿಮೀಟರ್ ಗಡ್ಡೆ, ಒಂದೇ ಸಮನಾಗಿದೆ, 6 ಎಚ್‌ಯು' ಅಂತ ಬರೆದಿದ್ದಾರೆ. ಕಲ್ಲಿನ ಡಾಕ್ಟರು 'ಅದೇನೂ ಇಲ್ಲ ಬಿಡಿ' ಅಂದರು. ಆದರೆ ನೆಂಟರೊಬ್ಬರು ಗಡ್ಡೆ ಅಂದ್ರೆ ಕ್ಯಾನ್ಸರ್ ಅಂತ ಹೆದರಿಸಿದ್ದಾರೆ. ಇನ್ನೊಬ್ಬರು ಈ ಗಡ್ಡೆಯಿಂದಲೇ ಶುಗರ್ ಬಂದಿರೋದು, ತೆಗೆಸಿದರೆ ಶುಗರೇ ಹೋಗುತ್ತೆ ಅಂತಾರೆ. ಯಾರ ಮಾತು ನಿಜ? ಆಪರೇಷನ್ ಬೇಕು ಅಂತಾದರೆ ಕೊಯ್ಲು ಮುಗಿಯುವವರೆಗೆ ಕಾಯಬಹುದಾ?

ಉತ್ತರ: ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಕ್ಯಾನ್ಸರ್ ಭಯ. ಅದನ್ನು ಮೊದಲು ಮುಗಿಸಿಬಿಡೋಣ. ನೀವು ಬರೆದಿರುವುದು ರಿಪೋರ್ಟಿನಲ್ಲಿ ಇದ್ದ ಹಾಗೇ ಇದ್ದರೆ, ಇದು ಕ್ಯಾನ್ಸರ್ ಗಡ್ಡೆಯ ಲಕ್ಷಣವಲ್ಲ. ರೋಗಿಯನ್ನು ನೋಡದೆ ಇಷ್ಟು ಧೈರ್ಯವಾಗಿ ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಸಲ ಹೇಳುತ್ತಿರುವುದು ಆ '6 ಎಚ್‌ಯು' ಅನ್ನುವ ಅಂಕಿಯನ್ನು ನೋಡಿ.

ಎಚ್‌ಯು ಅಂದರೆ ಸಿಟಿ ಸ್ಕ್ಯಾನ್‌ನಲ್ಲಿ ಒಂದು ಭಾಗ ಎಷ್ಟು ಸಾಂದ್ರವಾಗಿದೆ ಎಂದು ಅಳೆಯುವ ಲೆಕ್ಕ. ನೀರಿಗೆ ಸೊನ್ನೆ. ಕೊಬ್ಬಿಗೆ ಸೊನ್ನೆಗಿಂತ ಕೆಳಗೆ, ಮೈನಸ್ 100ರ ಆಸುಪಾಸು. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಸಾಧು ಗಡ್ಡೆಗಳಲ್ಲಿ, ಅಂದರೆ ಅಡಿನೋಮಾಗಳಲ್ಲಿ, ಕೊಬ್ಬಿನ ಅಂಶ ಹೆಚ್ಚು. ಹಾಗಾಗಿ ಅವುಗಳ ಅಂಕಿ ಕಡಿಮೆ ಬರುತ್ತದೆ. ಗಡ್ಡೆ ಒಂದೇ ಸಮನಾಗಿದ್ದು, ಅಂಕಿ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಗಡ್ಡೆ ಎಷ್ಟೇ ದೊಡ್ಡದಿರಲಿ, ಅದು ಸಾಧು ಗಡ್ಡೆ. ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸುತ್ತಾ ಕೂರುವ ಅಗತ್ಯವೂ ಇಲ್ಲ. ಯುರೋಪಿನ ಹಾರ್ಮೋನ್ ತಜ್ಞರ ಸಂಘ 2023ರಲ್ಲಿ ಹೊಸದಾಗಿ ತಂದ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲಿ ನಿಮಗೊಂದು ಅದೃಷ್ಟವೂ ಕೂಡಿಬಂದಿದೆ. ಕಿಡ್ನಿ ಕಲ್ಲಿಗೆ ಮಾಡುವ ಸಿಟಿಯನ್ನು ಸಾಮಾನ್ಯವಾಗಿ ಕಾಂಟ್ರಾಸ್ಟ್ ಔಷಧಿ ಚುಚ್ಚದೆ ಮಾಡುತ್ತಾರೆ. ಈ 10ರ ಲೆಕ್ಕ ನಡೆಯುವುದು ಅಂಥ ಸಾದಾ ಸ್ಕ್ಯಾನಿಗೆ ಮಾತ್ರ. ಕಾಂಟ್ರಾಸ್ಟ್ ಹಾಕಿದ ಮೇಲೆ ಯಾವ ಗಡ್ಡೆಯ ಅಂಕಿಯೂ ಏರುತ್ತದೆ. ಆಗ 40, 60 ಅಂತ ನೋಡಿ ಗಾಬರಿಯಾಗುವವರಿದ್ದಾರೆ. ಅಂಥವರು ಗಾಬರಿ ಬಿಟ್ಟು ಒಂದು ಸಾದಾ ಸ್ಕ್ಯಾನ್ ಮಾಡಿಸಿದರೆ ಎಷ್ಟೋ ಸಲ ವಿಷಯ ಅಲ್ಲೇ ತಿಳಿಯಾಗುತ್ತದೆ. ಸಾದಾ ಸ್ಕ್ಯಾನಿನಲ್ಲೇ 20 ದಾಟಿದ್ದರೆ ಅಥವಾ ಗಡ್ಡೆ ಒಂದೇ ಸಮನಾಗಿಲ್ಲದಿದ್ದರೆ, ಅದರ ಮೇಲೆ 4 ಸೆಂಟಿಮೀಟರ್‌ಗಿಂತ ದೊಡ್ಡದೂ ಆಗಿದ್ದರೆ, ಅದು ಬೇರೆಯದೇ ಮಾತು. ಅದಕ್ಕೆ ತಡ ಮಾಡಬಾರದು. ನಿಮ್ಮ ಯಜಮಾನರದ್ದು ಆ ಗುಂಪಿಗೆ ಸೇರುವುದಿಲ್ಲ.

ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿ ಇಂಥ ಗಡ್ಡೆ ಸಿಗುವುದು ಅಪರೂಪವೂ ಅಲ್ಲ. 50ರ ಆಸುಪಾಸಿನವರ ಹೊಟ್ಟೆಯ ಸಿಟಿ ಮಾಡಿದರೆ 100ರಲ್ಲಿ ಸುಮಾರು 3 ಜನರಲ್ಲಿ ಸಿಗುತ್ತದೆ. ವಯಸ್ಸು ಇನ್ನೂ ಏರಿದ ಹಾಗೆ ಅದು 10ರವರೆಗೂ ಹೋಗಬಹುದು. ಮೊದಲು ಇವು ಇರಲಿಲ್ಲ ಎಂದಲ್ಲ, ನೋಡುವ ಯಂತ್ರ ಇರಲಿಲ್ಲ ಅಷ್ಟೆ. ಈಗ ಹಾಸನದಲ್ಲೂ ಸಿಟಿ ಇದೆ, ಚಿಕ್ಕಮಗಳೂರಿನಲ್ಲೂ ಇದೆ.

ಹಾಗಾದರೆ ಕಲ್ಲಿನ ಡಾಕ್ಟರು ಹೇಳಿದ್ದು ಸರಿಯಲ್ವಾ? ಕ್ಯಾನ್ಸರ್ ವಿಷಯಕ್ಕೆ ಸರಿ. ಆದರೆ ಅಡ್ರಿನಲ್ ಗಡ್ಡೆ ಸಿಕ್ಕಾಗ ಕೇಳಬೇಕಾದ ಪ್ರಶ್ನೆ ಎರಡು. ಇದು ಕೆಟ್ಟ ಗಡ್ಡೆಯಾ ಅನ್ನುವುದು ಒಂದು. ಇದು ಹಾರ್ಮೋನ್ ಸುರಿಸುತ್ತಿದೆಯಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸ್ಕ್ಯಾನ್ ಉತ್ತರ ಕೊಟ್ಟಿದೆ. ಎರಡನೆಯದನ್ನು ನಿಮ್ಮ ಯಜಮಾನರ ವಿಷಯದಲ್ಲಿ ಇನ್ನೂ ಯಾರೂ ಕೇಳಿಲ್ಲ. ಮೂರು ಮಾತ್ರೆ ನುಂಗಿಯೂ 9.1ರಲ್ಲಿ ನಿಂತ ಶುಗರ್ ಇರುವವರಿಗೆ ಆ ಪ್ರಶ್ನೆ ಬಿಟ್ಟುಬಿಡುವಂಥದ್ದಲ್ಲ. ನನ್ನ ಬಳಿ ಬರುವ ಎಷ್ಟೋ ಜನರ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಸ್ಕ್ಯಾನ್ ರಿಪೋರ್ಟ್ ಇರುತ್ತದೆ. ಅದರ ಕೊನೆಯ ಸಾಲಿನಲ್ಲಿ ಅಡ್ರಿನಲ್ ಗಡ್ಡೆಯ ಮಾತೂ ಇರುತ್ತದೆ. ಯಾರೂ ಓದಿರುವುದಿಲ್ಲ.

ಅಡ್ರಿನಲ್ ಅಂದರೆ ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಕೂತಿರುವ ಪುಟ್ಟ ಗ್ರಂಥಿ. ಒಂದೊಂದರ ತೂಕ 4–5 ಗ್ರಾಂ ಅಷ್ಟೆ. ಅದರ ಹೊರಪದರದಿಂದ ಕಾರ್ಟಿಸಾಲ್ ಮತ್ತು ಆಲ್ಡೊಸ್ಟೆರಾನ್ ಬರುತ್ತವೆ. ಒಳಗಿನ ಭಾಗದಿಂದ ಅಡ್ರಿನಲಿನ್ ಗುಂಪಿನ ಹಾರ್ಮೋನುಗಳು ಬರುತ್ತವೆ. ಈ ಮೂರರಲ್ಲಿ ಯಾವುದು ಅತಿಯಾದರೂ ಶುಗರ್ ಏರಬಹುದು. ಆದರೆ ನಿಮ್ಮಂಥ ಸಂದರ್ಭದಲ್ಲಿ ಮೊದಲು ಅನುಮಾನ ಪಡಬೇಕಾದ್ದು ಕಾರ್ಟಿಸಾಲ್ ಮೇಲೆ.

ಕಾರ್ಟಿಸಾಲ್ ನಮಗೆ ಬೇಕೇ ಬೇಕು. ಬೆಳಗಿನ ಜಾವ ಅದು ಏರುತ್ತದೆ, ನಡುರಾತ್ರಿಗೆ ತೀರಾ ಇಳಿಯುತ್ತದೆ. ಜ್ವರ ಬಂದಾಗ, ಪೆಟ್ಟು ಬಿದ್ದಾಗ, ಉಪವಾಸ ಇದ್ದಾಗ ರಕ್ತದಲ್ಲಿ ಸಕ್ಕರೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕಾಗಿ ಲಿವರ್‌ಗೆ ಹೊಸ ಸಕ್ಕರೆ ತಯಾರಿಸಲು ಹೇಳುತ್ತದೆ. ಸ್ನಾಯುಗಳು ಇನ್ಸುಲಿನ್ ಮಾತನ್ನು ಅಷ್ಟಾಗಿ ಕೇಳದಂತೆ ಮಾಡುತ್ತದೆ. ಮೇದೋಜ್ಜೀರಕದಿಂದ ಇನ್ಸುಲಿನ್ ಬರುವುದನ್ನೂ ಸ್ವಲ್ಪ ತಗ್ಗಿಸುತ್ತದೆ. ಎರಡು ದಿನದ ಜ್ವರಕ್ಕೆ ಇದೆಲ್ಲ ಒಳ್ಳೆಯದೇ. ಗಡ್ಡೆಯೊಂದು ಹಗಲು ರಾತ್ರಿ ಎನ್ನದೆ, ಸ್ವಲ್ಪ ಸ್ವಲ್ಪವೇ, ವರ್ಷಗಟ್ಟಲೆ ಕಾರ್ಟಿಸಾಲ್ ಬಿಡುತ್ತಾ ಹೋದರೆ? ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಶುಗರ್, ಬಿಪಿ ಎರಡೂ ಏರುತ್ತವೆ. ಮೂಳೆ ಸವೆಯುತ್ತದೆ. ಮಾತ್ರೆ ಒಂದಿದ್ದದ್ದು ಎರಡಾಗುತ್ತದೆ, ಮೂರಾಗುತ್ತದೆ.

ಕಾರ್ಟಿಸಾಲ್ ತೀರಾ ಜಾಸ್ತಿಯಾದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮುಖ ದುಂಡಗೆ ಊದಿ ಕೆಂಪಾಗಿರುತ್ತದೆ. ಹೊಟ್ಟೆಯ ಮೇಲೆ ಅಗಲವಾದ ಕೆನ್ನೀಲಿ ಗೆರೆಗಳು ಬರುತ್ತವೆ. ಚರ್ಮ ತೆಳುವಾಗಿ, ಸುಮ್ನೆ ತಾಗಿದರೂ ಕಂದುತ್ತದೆ. ಕೂತಲ್ಲಿಂದ ಕೈ ಊರದೆ ಏಳಲು ಆಗುವುದಿಲ್ಲ. ಇದು ಕುಶಿಂಗ್ ಸಿಂಡ್ರೋಮ್, ಅಪರೂಪದ್ದು. ನಾನು ಹೇಳುತ್ತಿರುವುದು ಅದರ ಮೆಲುದನಿಯ ರೂಪ. ಹೊರಗೆ ಏನೂ ಕಾಣುವುದಿಲ್ಲ. ಶುಗರ್ ಇರುವ, ಬಿಪಿ ಇರುವ, ಸ್ವಲ್ಪ ಹೊಟ್ಟೆ ಬಂದಿರುವ 56 ವರ್ಷದ ಗಂಡಸು. ನಮ್ಮ ಜಿಲ್ಲೆಯಲ್ಲಿ ಅಂಥವರು ಬೀದಿಗೆ ಹತ್ತು ಮಂದಿ ಇದ್ದಾರೆ. ನೋಡಿ ಕಂಡುಹಿಡಿಯಲು ಆಗದು. ಪರೀಕ್ಷೆಯೇ ಮಾಡಬೇಕು.

ಇನ್ನು ಎರಡನೆಯ ನೆಂಟರ ಮಾತಿಗೆ ಬರೋಣ, ಈ ಗಡ್ಡೆಯಿಂದಲೇ ಶುಗರ್ ಬಂತು ಅನ್ನುವುದು. ಅಡ್ರಿನಲ್ ಗಡ್ಡೆ ಇರುವವರಲ್ಲಿ ಶುಗರ್ ಜಾಸ್ತಿ ಅನ್ನುವುದು ನಿಜ. ಕಾರ್ಟಿಸಾಲ್ ಬಿಡುವ ಗಡ್ಡೆ ಇರುವವರಲ್ಲಿ ಇನ್ನೂ ಜಾಸ್ತಿ. ಏನೂ ಬಿಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಬಂದ ಗಡ್ಡೆಗಳಲ್ಲೂ ನಂಟು ಕಾಣುತ್ತದೆ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಂಥ 'ಸುಮ್ಮನಿರುವ' ಗಡ್ಡೆ ಇದ್ದವರಿಗೆ ಮುಂದೆ ಶುಗರ್ ಬರುವ ಸಾಧ್ಯತೆ ಗಡ್ಡೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಪರೀಕ್ಷೆಯ ಗೆರೆಯ ಕೆಳಗೆ ಇದ್ದರೂ ಚೂರುಪಾರು ಕಾರ್ಟಿಸಾಲ್ ಸೋರುತ್ತಿರಬಹುದು ಅನ್ನುವುದು ಒಂದು ವಿವರಣೆ.

ಆದರೆ ನಂಟಿದೆ ಅಂದ ಮಾತ್ರಕ್ಕೆ ಗಡ್ಡೆಯೇ ಕಾರಣ ಅನ್ನಲಾಗದು. ಶುಗರ್, ಬಿಪಿ ಇರುವವರು ಆಸ್ಪತ್ರೆಗೆ ಹೆಚ್ಚು ಹೋಗುತ್ತಾರೆ, ಹೆಚ್ಚು ಸ್ಕ್ಯಾನ್ ಆಗುತ್ತದೆ, ಹಾಗಾಗಿ ಗಡ್ಡೆಯೂ ಹೆಚ್ಚು ಸಿಗುತ್ತದೆ. ವಯಸ್ಸಾದಂತೆ ಎರಡೂ ತಮ್ಮಷ್ಟಕ್ಕೆ ತಾವೇ ಹೆಚ್ಚುತ್ತವೆ. ತಿರುಗಾಮುರುಗಾ ದಾರಿಯೂ ಇರಬಹುದು. ಶುಗರ್ ಬರುವ ಮುಂಚೆ ವರ್ಷಗಟ್ಟಲೆ ದೇಹದಲ್ಲಿ ಇನ್ಸುಲಿನ್ ಮಟ್ಟ ಹೆಚ್ಚಿರುತ್ತದೆ. ಇನ್ಸುಲಿನ್‌ಗೆ ಜೀವಕೋಶ ಬೆಳೆಸುವ ಗುಣವಿದೆ. ಅದೇ ಅಡ್ರಿನಲ್‌ನಲ್ಲಿ ಗಡ್ಡೆ ಬೆಳೆಯಲು ನೆರವಾಗಬಹುದು ಎಂದು ವಾದಿಸುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಹೆಚ್ಚಿನ ರೋಗಿಗಳಲ್ಲಿ ಗಡ್ಡೆ ಶುಗರನ್ನು ಹುಟ್ಟಿಸುವುದಿಲ್ಲ. ಮನೆತನದಿಂದ, ತೂಕದಿಂದ, ಊಟದಿಂದ ಆಗಲೇ ಬರಲಿದ್ದ ಶುಗರನ್ನು ಸ್ವಲ್ಪ ಬೇಗ ಕರೆತರುತ್ತದೆ. ಬಂದ ಮೇಲೆ ಹತೋಟಿಗೆ ಸಿಗದಂತೆ ಮಾಡುತ್ತದೆ. ಇದು ಮನಸ್ಸಿನಲ್ಲಿದ್ದರೆ ಆಪರೇಷನ್ ಬಗ್ಗೆ ಅತಿ ಆಸೆ ಹುಟ್ಟುವುದಿಲ್ಲ.

ಈಚೆಗೆ ಅಮೆರಿಕದಲ್ಲಿ ಕ್ಯಾಟಲಿಸ್ಟ್ ಎಂಬ ಹೆಸರಿನ ಅಧ್ಯಯನ ನಡೆಯಿತು. ಹಲವು ಔಷಧಿ ತೆಗೆದುಕೊಂಡರೂ ಎಚ್‌ಬಿಎ1ಸಿ 7.5ರಿಂದ 11.5ರೊಳಗೆ ನಿಂತಿದ್ದ 1,057 ಮಂದಿಗೆ ಕಾರ್ಟಿಸಾಲ್ ಪರೀಕ್ಷೆ ಮಾಡಿದರು. ಹೆಚ್ಚುಕಡಿಮೆ ಕಾಲು ಭಾಗ, ಅಂದರೆ 100ಕ್ಕೆ 24 ಮಂದಿಗೆ ಕಾರ್ಟಿಸಾಲ್ ಅತಿಯಾಗಿತ್ತು. ಅವರಲ್ಲಿ ಮೂರನೇ ಒಂದು ಭಾಗದವರ ಅಡ್ರಿನಲ್ ಸ್ಕ್ಯಾನಿನಲ್ಲಿ ದೋಷ ಕಂಡಿತು. ಈ ಅಂಕಿ ನೋಡಿ ಶುಗರ್ ಇರುವವರೆಲ್ಲ ಪರೀಕ್ಷೆಗೆ ಓಡಬೇಕಿಲ್ಲ. ಆ ಅಧ್ಯಯನಕ್ಕೆ ಹಣ ಹಾಕಿದ್ದು ಕಾರ್ಟಿಸಾಲ್ ತಡೆಯುವ ಔಷಧಿ ಮಾರುವ ಕಂಪನಿಯೇ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಓದಬೇಕು. ಆದರೆ ಗಡ್ಡೆ ಕಣ್ಣೆದುರೇ ಇರುವಾಗ ಪರೀಕ್ಷೆ ಬೇಕಾ ಬೇಡವಾ ಅನ್ನುವ ಚರ್ಚೆಯೇ ಇಲ್ಲ. ಬೇಕು.

ಪರೀಕ್ಷೆ ತೀರಾ ಸುಲಭ. ರಾತ್ರಿ 11ರಿಂದ 12ರೊಳಗೆ ಡೆಕ್ಸಾಮೆಥಸೋನ್ 1 ಮಿಲಿಗ್ರಾಂ ನುಂಗಬೇಕು. ಅಂಗಡಿಯಲ್ಲಿ 0.5ರ ಮಾತ್ರೆ ಕೊಟ್ಟರೆ ಎರಡು. ಮಾರನೇ ದಿನ ಬೆಳಿಗ್ಗೆ 8ರಿಂದ 9ರೊಳಗೆ ರಕ್ತ ಕೊಟ್ಟು ಕಾರ್ಟಿಸಾಲ್ ನೋಡಿಸಬೇಕು. ಡೆಕ್ಸಾಮೆಥಸೋನ್ ಕೂಡ ಕಾರ್ಟಿಸಾಲ್‌ನ ಜಾತಿಯದ್ದೇ. ಅದು ರಕ್ತದಲ್ಲಿ ಕಂಡರೆ ಮಿದುಳಿನ ಪಿಟ್ಯುಟರಿ ಗ್ರಂಥಿ 'ಸಾಕು, ಇನ್ನು ಬೇಡ' ಅಂತ ಅಡ್ರಿನಲ್‌ಗೆ ಕಳಿಸುವ ಆದೇಶ ನಿಲ್ಲಿಸುತ್ತದೆ. ಆರೋಗ್ಯವಂತ ಅಡ್ರಿನಲ್ ಆಗ ಸುಮ್ಮನಾಗುತ್ತದೆ. ಗೋದಾಮು ತುಂಬಿದೆ, ಕೊಯ್ಲು ನಿಲ್ಲಿಸಿ ಅಂತ ನಿಮ್ಮ ಯಜಮಾನರು ಹೇಳಿ ಕಳಿಸಿದರೆ ಆಳುಗಳು ನಿಲ್ಲಿಸುತ್ತಾರಲ್ವಾ, ಹಾಗೆ. ಗಡ್ಡೆ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಬೆಳಿಗ್ಗೆಯ ಕಾರ್ಟಿಸಾಲ್ 1.8 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಡ್ಡೆ ಸುಮ್ಮನಿದೆ ಎಂದರ್ಥ. ಅದಕ್ಕಿಂತ ಜಾಸ್ತಿ ಬಂದರೆ ಅನುಮಾನ. ಕೆಲವು ಲ್ಯಾಬ್‌ಗಳು ಬೇರೆ ಅಳತೆಯಲ್ಲಿ, ನ್ಯಾನೋಮೋಲ್‌ನಲ್ಲಿ ಬರೆಯುತ್ತವೆ. ಅದರಲ್ಲಿ ಗೆರೆ 50. 'ಕಾರ್ಟಿಸಾಲ್ 45 ಬಂದಿದೆ' ಅಂತ ಹೆದರುವ ಮೊದಲು ಯಾವ ಅಳತೆ ಅಂತ ನೋಡಿ.

ಒಂದು ಎಚ್ಚರ. ಲ್ಯಾಬ್‌ಗೆ ಹೋಗಿ ಸುಮ್ಮನೆ 'ಕಾರ್ಟಿಸಾಲ್ ಟೆಸ್ಟ್ ಮಾಡಿ' ಅನ್ನಬೇಡಿ. ಮಾತ್ರೆ ನುಂಗದೆ ಬೆಳಿಗ್ಗೆ ಮಾಡುವ ಕಾರ್ಟಿಸಾಲ್ ಪರೀಕ್ಷೆ ಈ ಗಡ್ಡೆಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ದುಡ್ಡು ದಂಡ. ಮಾತ್ರೆಯಿಂದ ಮರುದಿನ ಶುಗರ್ ಸ್ವಲ್ಪ ಏರಬಹುದು. ಅದು ತಾನೇ ಇಳಿಯುತ್ತದೆ.

ಈ ಪರೀಕ್ಷೆ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಮಾತ್ರೆ ಮರೆತು ಮಲಗಿದ್ದು ಅದರಲ್ಲಿ ಮೊದಲನೆಯದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್, ಟಿಬಿಗೆ ಕೊಡುವ ರಿಫಾಂಪಿಸಿನ್ ಡೆಕ್ಸಾಮೆಥಸೋನನ್ನು ಬೇಗ ಕರಗಿಸಿಬಿಡುತ್ತವೆ. ಆಗ ಗಡ್ಡೆ ಸುಮ್ಮನಿದ್ದರೂ ಕಾರ್ಟಿಸಾಲ್ ಜಾಸ್ತಿ ಕಾಣುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲೂ ಹಾಗೇ. ಕುಡಿತ, ಖಿನ್ನತೆ, ರಾತ್ರಿ ಪಾಳಿ ಕೆಲಸ, ತೀರಾ ಏರಿದ ಶುಗರ್ ಕೂಡ ಲೆಕ್ಕ ತಪ್ಪಿಸುತ್ತವೆ. ಆದ್ದರಿಂದ ಒಂದು ಸಲ ಜಾಸ್ತಿ ಬಂತು ಅಂತ ತೀರ್ಮಾನಕ್ಕೆ ಬರುವುದಿಲ್ಲ. ಇನ್ನೊಮ್ಮೆ ಮಾಡುತ್ತೇವೆ. ಜೊತೆಗೆ ಪಿಟ್ಯುಟರಿಯಿಂದ ಬರುವ ಎಸಿಟಿಎಚ್ ಹಾರ್ಮೋನ್ ನೋಡುತ್ತೇವೆ. ಅದು ತಗ್ಗಿದ್ದರೆ ಕಾರ್ಟಿಸಾಲ್ ಅಡ್ರಿನಲ್‌ನಿಂದಲೇ ತನ್ನಿಷ್ಟಕ್ಕೆ ಬರುತ್ತಿದೆ ಎಂದು ಖಾತ್ರಿಯಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತ ಇನ್ನೊಂದು ಸಾಲು ಮಂಡಿ ನೋವಿನ ಇಂಜೆಕ್ಷನ್. ಅದು ಯಾವುದು ಅಂತ ಚೀಟಿ ಹುಡುಕಿ. ಅದು ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್ ಜಾತಿಯ ಔಷಧಿ, ಆಗಿದ್ದರೆ ಅದೊಂದೇ ಕೆಲವು ದಿನ, ಕೆಲವೊಮ್ಮೆ ಒಂದೆರಡು ವಾರ ಶುಗರ್ ಏರಿಸಬಲ್ಲದು. ಆಗಾಗ ಹಾಕಿಸಿದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯೂ ಏರುತ್ತದೆ. ಗಡ್ಡೆಯ ಮೇಲೆ ಹೊರಿಸಿದ ತಪ್ಪು ಇಂಜೆಕ್ಷನ್ನಿನದ್ದೂ ಆಗಿರಬಹುದು. ಕೀಲು ನೋವಿಗೆ, ದಮ್ಮಿಗೆ ಅಂತ ಹೆಸರಿಲ್ಲದ ಪುಡಿ, ಗುಳಿಗೆ ಕೊಡುವವರು ನಮ್ಮ ಕಡೆ ಕಡಿಮೆಯಿಲ್ಲ. ಒಂದೇ ವಾರದಲ್ಲಿ ನೋವು ಮಾಯ, ಹಸಿವು ಜಾಸ್ತಿ, ಮುಖ ತುಂಬಿಕೊಂಡಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ನನಗೆ ಬರುತ್ತದೆ. ಬೆಟಮೆಥಸೋನ್, ಕ್ಲೋಬೆಟಸಾಲ್ ಇರುವ ಚರ್ಮದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೂ ಅಷ್ಟೆ. ಹೊರಗಿನ ಸ್ಟೀರಾಯ್ಡ್ ಇದ್ದಾಗ ಮಾಡಿದ ಹಾರ್ಮೋನ್ ಪರೀಕ್ಷೆಯನ್ನು ನಂಬಲಾಗದು. ಆದ್ದರಿಂದ ಕೊನೆಯ ಇಂಜೆಕ್ಷನ್ ಯಾವಾಗ ಆಯಿತು ಅಂತ ಡಾಕ್ಟರಿಗೆ ಹೇಳಿಯೇ ಪರೀಕ್ಷೆಯ ದಿನ ಗೊತ್ತುಮಾಡಿ. ಆದರೆ ಬಹಳ ದಿನದಿಂದ ಅಂಥ ಔಷಧಿ ನಡೆಯುತ್ತಿದ್ದರೆ ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ಅಷ್ಟು ದಿನ ಹೊರಗಿನಿಂದ ಬಂದ ಸ್ಟೀರಾಯ್ಡ್‌ನಿಂದ ಸ್ವಂತ ಅಡ್ರಿನಲ್ ನಿದ್ದೆ ಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು.

ಉಳಿದ ಎರಡು ಹಾರ್ಮೋನುಗಳ ವಿಷಯ ಬೇಗ ಹೇಳುತ್ತೇನೆ. ಬಿಪಿ ಇರುವುದರಿಂದ, ಅದನ್ನು ಏರಿಸಬಲ್ಲ ಆಲ್ಡೊಸ್ಟೆರಾನ್ ಮತ್ತು ಕಿಡ್ನಿಯಿಂದ ಬರುವ ರೆನಿನ್ ಎರಡನ್ನೂ ಒಟ್ಟಿಗೆ ನೋಡಿ ಅನುಪಾತ ತೆಗೆಯಬೇಕು. ಪೊಟ್ಯಾಸಿಯಂ ಕೂಡ ನೋಡಬೇಕು. ಆಲ್ಡೊಸ್ಟೆರಾನ್ ಅತಿಯಾದರೆ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಇನ್ಸುಲಿನ್ ಸರಿಯಾಗಿ ಹೊರಬರುವುದಿಲ್ಲ, ಶುಗರ್ ಏರುತ್ತದೆ. ಟೆಲ್ಮಿಸಾರ್ಟನ್ ಈ ಅನುಪಾತವನ್ನು ಸ್ವಲ್ಪ ಮರೆಮಾಚುತ್ತದೆ. ಅದು ಇದ್ದೂ ಅನುಪಾತ ಜಾಸ್ತಿ ಬಂದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಸ್ಪೈರನೋಲ್ಯಾಕ್ಟೋನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರು ಹೇಳಿದಂತೆ ಕೆಲವು ವಾರ ನಿಲ್ಲಿಸಿ ಈ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಅಡ್ರಿನಲಿನ್ ಸುರಿಸುವ ಗಡ್ಡೆಗೆ ಫಿಯೋಕ್ರೋಮೋಸೈಟೋಮಾ ಎನ್ನುತ್ತಾರೆ. ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆ ಡವಡವ, ಬಿಪಿ ಆಕಾಶಕ್ಕೆ. ಶುಗರ್ ಕೂಡ ಏರುತ್ತದೆ, ಏಕೆಂದರೆ ಈ ಹಾರ್ಮೋನುಗಳು ಇನ್ಸುಲಿನ್ನಿನ ಬಾಯಿ ಮುಚ್ಚಿಸಿ ಲಿವರ್‌ನಿಂದ ಸಕ್ಕರೆ ಹೊರಡಿಸುತ್ತವೆ. ನಿಮ್ಮವರ ಗಡ್ಡೆಯ ಅಂಕಿ 10ಕ್ಕಿಂತ ಕಡಿಮೆ ಇರುವುದರಿಂದ ಈ ಭಯ ಇಲ್ಲವೇ ಇಲ್ಲ ಎನ್ನಬಹುದು. ಅದರ ಪರೀಕ್ಷೆಯೂ ಬೇಕಾಗುವುದಿಲ್ಲ. ಆದರೆ ಈ ಅಂಕಣ ಓದುವ ಬೇರೆಯವರಿಗಾಗಿ ಒಂದು ಮಾತು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಮೇಲಿರುವವರಿಗೆ ಬೆವರು, ಎದೆ ಬಡಿತ, ನಡುಕ ಬಂದರೆ ಅದು ಬಹುಪಾಲು ಶುಗರ್ ಇಳಿದದ್ದರಿಂದ. ಆ ಹೊತ್ತಿನಲ್ಲೇ ಗ್ಲುಕೋಮೀಟರ್‌ನಲ್ಲಿ ಒಂದು ಹನಿ ರಕ್ತ ನೋಡಿ, ಬಿಪಿಯನ್ನೂ ನೋಡಿ, ಬರೆದಿಡಿ. ಶುಗರ್ 55 ಇದ್ದರೆ ಮಾತ್ರೆಯ ಪ್ರಮಾಣ ತಗ್ಗಿಸಬೇಕು. ಶುಗರ್ 260, ಬಿಪಿ 200 ಇದ್ದರೆ ಮೂತ್ರದಲ್ಲೋ ರಕ್ತದಲ್ಲೋ ಮೆಟನೆಫ್ರಿನ್ ಪರೀಕ್ಷೆ ಮಾಡಿಸಬೇಕು. ದುಬಾರಿ ಪರೀಕ್ಷೆಗಳಿಗಿಂತ ಈ ಚೀಟಿ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ಇನ್ನೊಂದು: ಫಿಯೋ ಅಲ್ಲ ಎಂದು ಖಚಿತವಾಗುವ ಮುಂಚೆ ಅಡ್ರಿನಲ್ ಗಡ್ಡೆಗೆ ಯಾರೂ ಸೂಜಿ ಚುಚ್ಚಬಾರದು. ಬಯಾಪ್ಸಿಗೆ ಆತುರಪಡುವ ಕಡೆ ಈ ಮಾತನ್ನು ಧೈರ್ಯವಾಗಿ ಕೇಳಿ.

ಪರೀಕ್ಷೆ ಎಲ್ಲ ಸರಿ ಬಂತು ಅನ್ನಿ. ಆಗ ಗಡ್ಡೆಯನ್ನು ಅದರ ಪಾಡಿಗೆ ಬಿಡಿ. ಆಪರೇಷನ್ ಬೇಡ, ವರ್ಷ ವರ್ಷ ಸ್ಕ್ಯಾನ್ ಬೇಡ. ಬಿಪಿ, ಶುಗರ್ ಇದ್ದಕ್ಕಿದ್ದಂತೆ ಕೆಟ್ಟರೆ ಮಾತ್ರ ಹಾರ್ಮೋನ್ ಮತ್ತೊಮ್ಮೆ ನೋಡಬಹುದು. 9.1ಕ್ಕೆ ಕಾರಣವನ್ನು ಆಗ ಬೇರೆ ಕಡೆ ಹುಡುಕಬೇಕು. ಮಾತ್ರೆ ದಿನಾ ಸರಿಯಾಗಿ ಹೋಗುತ್ತಿದೆಯಾ, ಮುದ್ದೆ ಎಷ್ಟು ದೊಡ್ಡದು, ಅಕ್ಕಿ ರೊಟ್ಟಿ ಎಷ್ಟು, ಎಸ್ಟೇಟಿನಲ್ಲಿ ದಿನಕ್ಕೆ ಎಷ್ಟು ಲೋಟ ಬೆಲ್ಲದ ಕಾಫಿ. ರಾಗಿ ಆದ್ದರಿಂದ ಎಷ್ಟಾದರೂ ತಿನ್ನಬಹುದು ಅನ್ನುವ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬಲವಾಗಿದೆ. ಅದು ತಪ್ಪು. ಎಂಟು ವರ್ಷದ ಶುಗರ್‌ಗೆ ಇನ್ನೊಂದು ಗುಂಪಿನ ಔಷಧಿ ಅಥವಾ ಇನ್ಸುಲಿನ್ ಬೇಕಾಗುವ ಕಾಲವೂ ಬಂದಿರಬಹುದು. ಅದು ಸೋಲಲ್ಲ.

ಕಾರ್ಟಿಸಾಲ್ ಸೋರುತ್ತಿದೆ ಎಂದು ಖಾತ್ರಿಯಾದರೆ? ಆಗಲೂ ಎಲ್ಲರಿಗೂ ಕತ್ತರಿ ಇಲ್ಲ. ಈ ಮೆಲುದನಿಯ ಗಡ್ಡೆ ಮುಂದೆ ಪೂರ್ತಿ ಕುಶಿಂಗ್ ಆಗುವುದು ತೀರಾ ಅಪರೂಪ. ವಯಸ್ಸು, ಶುಗರ್, ಬಿಪಿ ಎಷ್ಟು ಹಠ ಮಾಡುತ್ತಿವೆ, ಬೆನ್ನುಮೂಳೆಯಲ್ಲಿ ಸದ್ದಿಲ್ಲದ ಬಿರುಕು ಇದೆಯಾ, ಹೃದಯದ ಸಮಸ್ಯೆ ಇದೆಯಾ, ಎಲ್ಲ ತೂಗಿ ನೋಡುತ್ತೇವೆ. 56 ವರ್ಷ, ಮೂರು ಮಾತ್ರೆಗೂ ಬಗ್ಗದ ಶುಗರ್, ಎರಡು ಮಾತ್ರೆಯ ಬಿಪಿ, ಒಂದೇ ಕಡೆ ಗಡ್ಡೆ. ಕಾರ್ಟಿಸಾಲ್ ನಿಜವಾಗಿ ಹೆಚ್ಚಿದ್ದರೆ ಇಂಥವರಿಗೆ ನಾನು ಆಪರೇಷನ್ ಕಡೆಗೇ ವಾಲುತ್ತೇನೆ. 75 ದಾಟಿದವರಿಗೆ, ಒಂದೇ ಮಾತ್ರೆಯಲ್ಲಿ ಶುಗರ್ ಹತೋಟಿಯಲ್ಲಿರುವವರಿಗೆ ಅಂಥ ಸಲಹೆ ಕೊಡುವುದಿಲ್ಲ. ಅವರಿಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಬಿಗಿಯಾಗಿ ನೋಡಿಕೊಂಡು ವರ್ಷಕ್ಕೊಮ್ಮೆ ವಿಚಾರಿಸಿದರೆ ಸಾಕು.

ತೆಗೆಸಿದರೆ ಶುಗರ್ ಹೋಗುತ್ತದಾ? ಕೆಲವರಿಗೆ ಹೋಗುತ್ತದೆ, ಹಲವರಿಗೆ ಮಾತ್ರೆ ಕಡಿಮೆಯಾಗುತ್ತದೆ, ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಬಿಪಿಯಲ್ಲಿ ಸಿಗುವ ಲಾಭದಷ್ಟು ಖಚಿತವಾಗಿ ಶುಗರ್‌ನ ಲಾಭವನ್ನು ಹೇಳಲಾಗದು. 2009ರಲ್ಲಿ ಇಟಲಿಯಿಂದ ಬಂದ ಒಂದು ಅಧ್ಯಯನದಲ್ಲಿ, ಆಪರೇಷನ್ ಆದವರಲ್ಲಿ ಶುಗರ್ ಇದ್ದ 8 ಮಂದಿಯಲ್ಲಿ 5 ಮಂದಿಗೆ ಸುಧಾರಿಸಿತು. ಎಂಟು ಜನರ ಲೆಕ್ಕ ಎಷ್ಟು ಭಾರ ಹೊರಬಲ್ಲದು, ನೀವೇ ಹೇಳಿ. ಎಂಟು ವರ್ಷ ದುಡಿದು ಸುಸ್ತಾದ ಮೇದೋಜ್ಜೀರಕ ಗಡ್ಡೆ ಹೋದ ಮಾತ್ರಕ್ಕೆ ಹೊಸದಾಗುವುದಿಲ್ಲ. ಶುಗರ್ ಹೋಗಲಿ ಅಂತ ಮಾತ್ರ ಆಪರೇಷನ್ ಮಾಡಿಸುವುದಾದರೆ ಇನ್ನೊಮ್ಮೆ ಯೋಚಿಸಿ.

ಆಪರೇಷನ್ ಈಗ ಸಣ್ಣ ತೂತುಗಳಿಂದಲೇ, ಲ್ಯಾಪ್ರೋಸ್ಕೋಪಿಯಲ್ಲಿ ಆಗುತ್ತದೆ. ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಅದಾದ ಮೇಲಿನದ್ದು. ಎಡಗಡೆಯ ಗಡ್ಡೆ ಅಷ್ಟು ವರ್ಷ ಕಾರ್ಟಿಸಾಲ್ ಬಿಟ್ಟಿದ್ದರಿಂದ ಬಲಗಡೆಯ ಗ್ರಂಥಿ ಕೆಲಸ ಮರೆತಿರಬಹುದು. ಅದು ಎಚ್ಚರವಾಗುವವರೆಗೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಹೈಡ್ರೋಕಾರ್ಟಿಸೋನ್ ಮಾತ್ರೆ ಬೇಕು. ಊರಿಗೆ ಬಂದ ಮೇಲೆ 'ಚೆನ್ನಾಗಿದ್ದೀನಿ' ಅಂತ ಅದನ್ನು ನಿಲ್ಲಿಸುವ ಹಾಗಿಲ್ಲ. ಅದೇ ಹೊತ್ತಿಗೆ ಶುಗರ್ ಮಾತ್ರೆಯನ್ನು, ಮುಖ್ಯವಾಗಿ ಗ್ಲಿಮೆಪಿರೈಡನ್ನು, ತಗ್ಗಿಸಬೇಕಾಗಬಹುದು. ಇಲ್ಲದಿದ್ದರೆ ಶುಗರ್ ಇಳಿದು ಕುಸಿಯುತ್ತಾರೆ. ಆದ್ದರಿಂದ ಸರ್ಜನ್ ಜೊತೆ ಹಾರ್ಮೋನ್ ಡಾಕ್ಟರು, ಅಂದರೆ ಎಂಡೋಕ್ರೈನಾಲಜಿಸ್ಟ್, ಇರುವ ಕಡೆಯೇ ಮಾಡಿಸಿ. ಇಲ್ಲಿಂದ ಬೆಂಗಳೂರು, ಮೈಸೂರು, ಮಂಗಳೂರು ಯಾವುದಾದರೂ ಸರಿ. ಆಯುಷ್ಮಾನ್ ಕಾರ್ಡ್ ಇದ್ದರೆ ದಾಖಲಾಗುವ ಮೊದಲೇ ಅಲ್ಲಿ ವಿಚಾರಿಸಿ.

ಕೊಯ್ಲಿನ ಮಾತು ಕೇಳಿದ್ದೀರಿ. ಪರೀಕ್ಷೆಗಳನ್ನು ಈಗಲೇ ಮಾಡಿಸಿ, ಅದಕ್ಕೆ ಒಂದು ಬೆಳಗ್ಗೆ ರಜೆ ಸಾಕು. ಆಪರೇಷನ್ ಬೇಕೆಂದೇ ಆದರೂ ಇಂಥ ಸಾಧು ಗಡ್ಡೆಗೆ ಕೊಯ್ಲು ಮುಗಿಯುವವರೆಗೆ ಕಾಯಬಹುದು. ರೊಬಸ್ಟಾ ಮುಗಿಸಿಯೇ ಹೊರಡಲಿ. 9.1ರ ಶುಗರನ್ನು ಮಾತ್ರ ಅಲ್ಲಿಯವರೆಗೆ ಹಾಗೇ ಬಿಡಬೇಡಿ. ಅದನ್ನು ಇಳಿಸದೆ ಯಾವ ಸರ್ಜನ್ನೂ ಸಲೀಸಾಗಿ ಒಪ್ಪುವುದಿಲ್ಲ. ಪೊಟ್ಯಾಸಿಯಂ ತೀರಾ ಕಡಿಮೆ ಬಂದರೆ ಅದೂ ಕಾಯುವ ವಿಷಯವಲ್ಲ.

ಎರಡೂ ಕಡೆ ಅಡ್ರಿನಲ್ ದೊಡ್ಡದಾಗಿದೆ ಎಂದು ರಿಪೋರ್ಟ್ ಬಂದವರು ನನ್ನ ಮೇಲಿನ ಮಾತುಗಳನ್ನು ತಮಗೆ ಹಾಗೇ ಹೊಂದಿಸಿಕೊಳ್ಳಬಾರದು. ನಮ್ಮ ದೇಶದಲ್ಲಿ ಅದಕ್ಕೆ ಟಿಬಿ ಕಾರಣವಾಗಿರಬಹುದು. ಹಿಸ್ಟೋಪ್ಲಾಸ್ಮಾ ಎಂಬ ಫಂಗಸ್ ಕೂಡ ಆಗಿರಬಹುದು. ಬಾವಲಿ, ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಅದು ಬದುಕುತ್ತದೆ, ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಮೊದಲೇ ಜಾಸ್ತಿ. ಇಲ್ಲಿ ಕತೆ ಉಲ್ಟಾ. ಗ್ರಂಥಿ ಹಾಳಾಗಿ ಕಾರ್ಟಿಸಾಲ್ ಕಡಿಮೆಯಾಗುತ್ತದೆ. ತೂಕ ಇಳಿಯುತ್ತದೆ, ಊಟ ಸೇರುವುದಿಲ್ಲ, ಎದ್ದರೆ ತಲೆ ಸುತ್ತು, ಮೈಬಣ್ಣ ಕಪ್ಪಾಗುತ್ತದೆ. ಅಂಗೈ ಗೆರೆ, ಒಸಡು ಕೂಡ ಕಪ್ಪಾಗಬಹುದು. ಜೊತೆಗೆ ವರ್ಷಗಳಿಂದ ಬಗ್ಗದಿದ್ದ ಶುಗರ್ ಇದ್ದಕ್ಕಿದ್ದಂತೆ ಇಳಿಯತೊಡಗುತ್ತದೆ, ಇನ್ಸುಲಿನ್ ಅರ್ಧ ಸಾಕಾಗುತ್ತದೆ. ಮನೆಯವರು ಶುಗರ್ ವಾಸಿಯಾಯಿತು ಅಂತ ಸಂತೋಷಪಡುತ್ತಾರೆ. ಅದು ಸಂತೋಷಪಡುವ ಸಂಗತಿಯಲ್ಲ. ಅಂಥವರು ಆ ವಾರದಲ್ಲೇ ಡಾಕ್ಟರನ್ನು ಕಾಣಬೇಕು. ಟಿಬಿಗೆ ರಿಫಾಂಪಿಸಿನ್ ಶುರು ಮಾಡಿದರೆ ಅದು ಇರುವ ಕಾರ್ಟಿಸಾಲನ್ನೂ ಬೇಗ ಕರಗಿಸುತ್ತದೆ. ಹಾಗಾಗಿ ಅದಕ್ಕೂ ಮುಂಚೆ ಕಾರ್ಟಿಸಾಲ್ ನೋಡಿ, ಬೇಕಾದರೆ ಹೈಡ್ರೋಕಾರ್ಟಿಸೋನ್ ಕೊಡುವುದು ಮುಖ್ಯ.

ನಿಮ್ಮ ಯಜಮಾನರನ್ನು ಹಾರ್ಮೋನ್ ಡಾಕ್ಟರ ಬಳಿ ಕರೆದುಕೊಂಡು ಹೋಗುವಾಗ ಸ್ಕ್ಯಾನಿನ ರಿಪೋರ್ಟ್ ಹಾಳೆಯ ಜೊತೆ ಸಿಡಿಯನ್ನೂ ಕೇಳಿ ಪಡೆದುಕೊಳ್ಳಿ. ಆ 6 ಅನ್ನುವ ಅಂಕಿಯನ್ನು ನಾವು ಚಿತ್ರದ ಮೇಲೆ ಇನ್ನೊಮ್ಮೆ ಅಳೆದು ನೋಡುತ್ತೇವೆ. ಹಳೆಯ ಸ್ಕ್ಯಾನ್ ಯಾವುದಾದರೂ ಇದ್ದರೆ ಅದನ್ನೂ ತನ್ನಿ. ಐದು ವರ್ಷದ ಹಿಂದೆಯೂ ಗಡ್ಡೆ ಇಷ್ಟೇ ಇತ್ತು ಅಂತ ಗೊತ್ತಾದರೆ ಅರ್ಧ ಚಿಂತೆ ಅಲ್ಲೇ ಮುಗಿಯುತ್ತದೆ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಮಂಡಿ ಇಂಜೆಕ್ಷನ್ನಿನ ಚೀಟಿ, ಮನೆಯಲ್ಲಿ ಹಚ್ಚುವ ಮುಲಾಮಿನ ಟ್ಯೂಬ್, ಪುಡಿ ಏನಾದರೂ ಇದ್ದರೆ ಅದರ ಪೊಟ್ಟಣ, ಎಲ್ಲವೂ ಒಂದೇ ಚೀಲದಲ್ಲಿ ಇರಲಿ.